8 ವರ್ಷ ಹಳೆಯ ಫಾರ್ಮ್ 16 ಮತ್ತೆ ಪ್ರಿಂಟ್ ತೆಗೆದರೆ ತೆರಿಗೆ ಮೊತ್ತವೇ ಬೇರೆ ಬರುತ್ತಿದೆ, ಯಾಕೆ?

ಹುಬ್ಬಳ್ಳಿ ಅಕೌಂಟ್ಸ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಟ್ಟು 42 ಜನ ಕೆಲಸಗಾರರು, ಅವರಲ್ಲಿ ತೆರಿಗೆ ಕಟ್ ಆಗುವವರು 11 ಜನ. ನಾನು ಇಲ್ಲಿಗೆ ಸೇರಿದ್ದು 2021ರಲ್ಲಿ.

ನಮ್ಮಲ್ಲಿ ಸೂಪರ್‌ವೈಸರ್ ಆಗಿದ್ದು 2019ರಲ್ಲಿ ಕೆಲಸ ಬಿಟ್ಟ ಹಿರಿಯರೊಬ್ಬರು ಹೋದ ವಾರ ಬಂದಿದ್ದರು. ಅವರಿಗೆ 2017-18 ಮತ್ತು 2018-19ರ ಫಾರ್ಮ್ 16 (ವರ್ಷದ ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಪ್ರಮಾಣಪತ್ರ) ಮತ್ತೆ ಬೇಕಂತೆ. ಮನೆ ಬದಲಾಯಿಸುವಾಗ ಹಳೆಯವು ಕಳೆದುಹೋಗಿವೆ. ಈ ವರ್ಷ ಬರಬೇಕಾದ ರೀಫಂಡ್ ಅನ್ನು 2018-19ರ ಅಸೆಸ್‌ಮೆಂಟ್ ವರ್ಷದ (ಅಂದರೆ 2017-18ರ ಆದಾಯದ) ಹಳೆ ಬಾಕಿಗೆ ಹಿಡಿದುಕೊಳ್ಳುತ್ತೇವೆ ಎಂದು ಆದಾಯ ತೆರಿಗೆಯಿಂದ ಇಮೇಲ್ ಬಂದಿದೆಯಂತೆ. ಬಾಕಿ 3,350 ರೂಪಾಯಿ, ಜೊತೆಗೆ ಬಡ್ಡಿ. "ನಾನು ಒಂದು ರೂಪಾಯಿಯೂ ಬಾಕಿ ಇಟ್ಟವನಲ್ಲ" ಎಂದು ಮೂರು ಸಲ ಹೇಳಿದರು. ಅದು ನನ್ನ ತಲೆಯಲ್ಲೇ ಉಳಿದಿದೆ.

ಹಳೆ ಕಂಪ್ಯೂಟರ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇಆರ್‌ಪಿ 9 ಇನ್ನೂ ಇದೆ. ಕಂಪನಿ ತೆರೆದು, ಆಲ್ಟ್ ಎಫ್2 ಒತ್ತಿ 2017-18ರ ಅವಧಿ ಕೊಟ್ಟು, ಫಾರ್ಮ್ 16 ಪ್ರಿಂಟ್ ಕೊಟ್ಟೆ. ಬಂತು. ಆದರೆ ಅದರಲ್ಲಿ ಒಟ್ಟು ತೆರಿಗೆ 17,320 ಎಂದು ಇದೆ. ಅವರ ಸಂಬಳದಿಂದ ಆ ವರ್ಷ ಹಿಡಿದದ್ದು 13,370. ಪ್ರತಿ ತಿಂಗಳ ಸಂಬಳ ಬರೆದಿಟ್ಟ ವೋಚರ್‌ಗಳನ್ನೆಲ್ಲ ಕೂಡಿ ನೋಡಿದೆ, 13,370 ಸರಿಯಾಗಿದೆ. ಹಾಗಾದರೆ ಈ 3,950 ಎಲ್ಲಿಂದ ಬಂತು? ಇದನ್ನು ಹೀಗೆಯೇ ಕೊಟ್ಟರೆ ಕಂಪನಿಯೇ ಅವರಿಂದ ಕಡಿಮೆ ತೆರಿಗೆ ಹಿಡಿದ ಹಾಗೆ ಕಾಣುತ್ತದೆ ಅಲ್ವಾ?

ದಾವಣಗೆರೆ ಟ್ಯಾಲಿ ಹಳಬ

ಮೊದಲು ಒಂದು ಮಾತು. ಆ ಪ್ರಿಂಟ್ ಅನ್ನು ಅವರ ಕೈಗೆ ಕೊಡಬೇಡಿ. ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ.

ಹಳೇ ಫಾರ್ಮ್ ಸಾಫ್ಟ್‌ವೇರ್ ಒಳಗೆ ಎಲ್ಲೋ ಭದ್ರವಾಗಿ ಕೂತಿದೆ, ಪ್ರಿಂಟ್ ಒತ್ತಿದರೆ ಅದೇ ಹೊರಗೆ ಬರುತ್ತದೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಒಳಗೆ ಇರುವುದು ವೋಚರ್ ಮತ್ತು ಮಾಸ್ಟರ್ (ನೌಕರರ ವಿವರ, ಸಂಬಳದ ಭಾಗಗಳು ಇಂಥ ಮೂಲ ಸೆಟ್ಟಿಂಗ್) ಮಾತ್ರ. ನೀವು ಪ್ರಿಂಟ್ ಒತ್ತಿದ ಕ್ಷಣದಲ್ಲಿ ಫಾರ್ಮ್ ಹೊಸದಾಗಿ ಲೆಕ್ಕವಾಗಿ ಬರುತ್ತದೆ. ವೋಚರ್ ಅಂದಿನದು, ಮಾಸ್ಟರ್ ಇಂದಿನದು. ಇವೆರಡರ ನಡುವೆ ಯಾರಾದರೂ ಮಾಸ್ಟರ್ ಮುಟ್ಟಿದ್ದರೆ ಲೆಕ್ಕ ಬೇರೆಯಾಗುತ್ತದೆ.

ನಿಮ್ಮ 3,950ರಲ್ಲೇ ಉತ್ತರ ಇದೆ ಎಂದು ನನಗೆ ಅನಿಸುತ್ತದೆ. 2017-18ರಲ್ಲಿ ತೆರಿಗೆಯ ಮೇಲೆ ಸೆಸ್ 3 ಪರ್ಸೆಂಟ್. 3,950ನ್ನು 1.03ರಿಂದ ಭಾಗಿಸಿ, ಸುಮಾರು 3,835 ಬರುತ್ತದೆ. ಅವರ ಆದಾಯ 5 ಲಕ್ಷ ದಾಟಿದ್ದರೆ ಮೇಲಿನ ಭಾಗಕ್ಕೆ 20 ಪರ್ಸೆಂಟ್. ಅಂದರೆ ಆದಾಯದಲ್ಲಿ ಸುಮಾರು 19,175 ಜಾಸ್ತಿ ಸೇರಿಕೊಂಡಿದೆ. ತೆರಿಗೆಯನ್ನು ಹತ್ತರ ಲೆಕ್ಕಕ್ಕೆ ಸರಿಮಾಡುತ್ತಾರೆ, ಆ ಸಣ್ಣ ವ್ಯತ್ಯಾಸ ಬಿಡಿ. 19,200 ಎಂದು ಇಟ್ಟುಕೊಳ್ಳಿ. 12ರಿಂದ ಭಾಗಿಸಿದರೆ 1,600.

ತಿಂಗಳಿಗೆ 1,600 ಅಂದರೆ ಟ್ರಾನ್ಸ್‌ಪೋರ್ಟ್ ಅಲವೆನ್ಸ್. ಆ ವರ್ಷ ಅದಕ್ಕೆ ತೆರಿಗೆ ಇರಲಿಲ್ಲ. 2018-19ರಿಂದ ಆ ವಿನಾಯಿತಿಯನ್ನು ಮಾಮೂಲಿ ನೌಕರರಿಗೆ ತೆಗೆದು, ಬದಲಿಗೆ 40,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು. ಆಗ ನಿಮ್ಮ ಕಚೇರಿಯಲ್ಲಿ ಯಾರೋ ಆ ಅಲವೆನ್ಸ್‌ನ ಪೇ ಹೆಡ್ (ಸಂಬಳದ ಆ ಭಾಗದ ಸೆಟ್ಟಿಂಗ್) ತೆರೆದು, ಇನ್‌ಕಮ್ ಟ್ಯಾಕ್ಸ್ ಕಾಂಪೊನೆಂಟ್ ಅನ್ನು ಪೂರ್ತಿ ತೆರಿಗೆಗೆ ಒಳಪಟ್ಟದ್ದು ಎಂದು ಬದಲಾಯಿಸಿರಬಹುದು. 2018-19ಕ್ಕೆ ಅದು ಸರಿ. ಆದರೆ ಹಿಂದಿನ ವರ್ಷಕ್ಕೂ ಅದೇ ಮಾಸ್ಟರ್. ಹೋಗಿ ನೋಡಿ ಹೇಳಿ.

ಹುಬ್ಬಳ್ಳಿ ಅಕೌಂಟ್ಸ್

ಈಗಷ್ಟೇ ನೋಡಿದೆ. ನೀವು ಹೇಳಿದ ಹಾಗೆಯೇ ಇದೆ! ಟ್ರಾನ್ಸ್‌ಪೋರ್ಟ್ ಅಲವೆನ್ಸ್ ಪೇ ಹೆಡ್ ಪೂರ್ತಿ ತೆರಿಗೆಗೆ ಸೇರುವ ಹಾಗೆ ಇಟ್ಟಿದ್ದಾರೆ. ಅವರ ಲೆಕ್ಕ ಕೈಯಲ್ಲಿ ಹಾಕಿದೆ. ಒಟ್ಟು ಸಂಬಳ 6,24,000. ಅದರಲ್ಲಿ 19,200 ಟ್ರಾನ್ಸ್‌ಪೋರ್ಟ್, 2,400 ವೃತ್ತಿ ತೆರಿಗೆ, 80ಸಿಯಲ್ಲಿ (ಉಳಿತಾಯಕ್ಕೆ ಸಿಗುವ ಕಡಿತ) 1,00,000 ತೆಗೆದರೆ 5,02,400. ಮೊದಲ 5 ಲಕ್ಷಕ್ಕೆ 12,500, ಉಳಿದ 2,400ಕ್ಕೆ 480. ಒಟ್ಟು 12,980. ಸೆಸ್ 389. ಸರಿಯಾಗಿ 13,370.

ನೀವು ಬರಿಯ ವ್ಯತ್ಯಾಸ ನೋಡಿ ಹೇಳಿಬಿಟ್ಟಿರಿ. ತುಂಬಾ ಧನ್ಯವಾದ. ಈಗ ಪೇ ಹೆಡ್ ಅನ್ನು ಹಿಂದಿನ ಹಾಗೆ ಬದಲಾಯಿಸಿ ಪ್ರಿಂಟ್ ತೆಗೆದು ಕೊಡಲೇ?

ಮೈಸೂರು ತೆರಿಗೆ ಸಲಹೆ

ಬದಲಾಯಿಸಬೇಡಿ. ಬದಲಾಯಿಸಿದರೆ 2018-19ರ ಲೆಕ್ಕ ಕೆಡುತ್ತದೆ. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಿದ ಹಾಗೆ.

ಸಾಫ್ಟ್‌ವೇರ್ ಪ್ರಶ್ನೆ ಒಂದು ಕ್ಷಣ ಬದಿಗಿಡೋಣ. ಫಾರ್ಮ್ 16ರಲ್ಲಿ ಎರಡು ಭಾಗ. ಪಾರ್ಟ್ ಎ ಅಂದರೆ ಹಿಡಿದ ತೆರಿಗೆ ಸರ್ಕಾರಕ್ಕೆ ಎಷ್ಟು, ಯಾವಾಗ ಸೇರಿತು ಎಂಬುದು. 2012ರ ಏಪ್ರಿಲ್ 1ರಿಂದ ಹಿಡಿದ ತೆರಿಗೆಗೆ ಇದನ್ನು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದಲೇ ಡೌನ್‌ಲೋಡ್ ಮಾಡಿ ಕೊಡಬೇಕು. ನಿಮ್ಮ ಸಾಫ್ಟ್‌ವೇರ್ ಪಾರ್ಟ್ ಎ ಪ್ರಿಂಟ್ ಕೊಟ್ಟರೂ ಅದಕ್ಕೆ ಬೆಲೆ ಇಲ್ಲ.

ಪಾರ್ಟ್ ಬಿ ಅಂದರೆ ಸಂಬಳ, ವಿನಾಯಿತಿ, ಕಡಿತ, ತೆರಿಗೆ ಲೆಕ್ಕ. 2018-19ರಿಂದ ಇದೂ ಟ್ರೇಸಸ್‌ನಿಂದಲೇ ಬರುತ್ತದೆ. ಹಾಗಾಗಿ ಆ ವರ್ಷದ್ದು ನಿಮಗೆ ಸುಲಭ, ಎರಡೂ ಭಾಗ ಅಲ್ಲೇ ಸಿಗುತ್ತದೆ. 2017-18ರ ಪಾರ್ಟ್ ಬಿ ಮಾತ್ರ ಕಂಪನಿಯೇ ತಯಾರಿಸಿದ್ದು. ನಿಮಗೆ ಕಷ್ಟ ಇರುವುದು ಅದೊಂದರಲ್ಲೇ.

ಅದಕ್ಕೂ ಒಂದು ದಾರಿ ಇದೆ. 2017-18ರ ಕೊನೆಯ ಕ್ವಾರ್ಟರ್‌ನ 24ಕ್ಯೂ (ಸಂಬಳದಿಂದ ಹಿಡಿದ ತೆರಿಗೆಯ ಕ್ವಾರ್ಟರ್ ರಿಟರ್ನ್) ಸಲ್ಲಿಸಿದಾಗ ಅದರ ಜೊತೆ ಅನೆಕ್ಸರ್ 2 ಹೋಗಿರುತ್ತದೆ. ಪ್ರತಿ ನೌಕರನ ಇಡೀ ವರ್ಷದ ಸಂಬಳ ಮತ್ತು ತೆರಿಗೆ ಲೆಕ್ಕ ಅದರಲ್ಲಿರುತ್ತದೆ. ಕಂಪನಿ ಸರ್ಕಾರದ ಮುಂದೆ ಹೇಳಿದ ಮಾತು ಅದು. ಪಾರ್ಟ್ ಬಿ ಅದಕ್ಕೆ ತಾಳೆಯಾಗಬೇಕು, ಇಂದಿನ ಟ್ಯಾಲಿಗೆ ಅಲ್ಲ. ಹಳೆ ಕಂಪ್ಯೂಟರ್‌ನಲ್ಲಿ ಎಫ್‌ವಿಯು ಫೈಲ್ (ಆ ರಿಟರ್ನ್ ಸಲ್ಲಿಸುವಾಗ ತಯಾರಾದದ್ದು) ಹುಡುಕಿ. ಸಾಮಾನ್ಯವಾಗಿ ಟಿಡಿಎಸ್ ಎಂಬ ಫೋಲ್ಡರ್ ಒಳಗೆ, ವರ್ಷದ ಹೆಸರಿನಲ್ಲಿ ಇಟ್ಟಿರುತ್ತಾರೆ.

ಪೀಣ್ಯ ಪೇರೋಲ್

ಈ ಮಾಸ್ಟರ್ ಸಮಸ್ಯೆ ಟ್ಯಾಲಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ನಾನು ಐದಾರು ಸಣ್ಣ ಕಂಪನಿಗಳ ಸಂಬಳ ಮಾಡುತ್ತೇನೆ, ಎಲ್ಲ ಕಡೆ ನೋಡಿದ್ದೇನೆ.

ವೃತ್ತಿ ತೆರಿಗೆಯದ್ದೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2023ರ ಮಾರ್ಚ್‌ವರೆಗೆ 15,000 ಮತ್ತು ಮೇಲೆ ಸಂಬಳ ಇದ್ದರೆ ತಿಂಗಳಿಗೆ 200 ರೂಪಾಯಿ. 2023ರ ಏಪ್ರಿಲ್‌ನಿಂದ ಆ ಮಿತಿ 25,000ಕ್ಕೆ ಏರಿತು. ಒಂದು ಕಡೆ ಸಂಬಳ ಪೂರ್ತಿ ಎಕ್ಸೆಲ್‌ನಲ್ಲಿ ಇತ್ತು. ಮಿತಿ ಇರುವ ಒಂದೇ ಸೆಲ್‌ನಲ್ಲಿ 15,000 ಅಳಿಸಿ 25,000 ಬರೆದಿದ್ದರು. ಆಮೇಲೆ 18,000 ಸಂಬಳದ ಹುಡುಗಿಯೊಬ್ಬಳು 2022-23ರ ಸಂಬಳ ಪಟ್ಟಿ ಕೇಳಿದಳು. ಪ್ರಿಂಟ್‌ನಲ್ಲಿ ವೃತ್ತಿ ತೆರಿಗೆ ಸೊನ್ನೆ! ಅವಳ ಕೈಯಿಂದ ವರ್ಷಕ್ಕೆ 2,400 ಹಿಡಿದಿದ್ದರು, ಸರ್ಕಾರಕ್ಕೆ ಕಟ್ಟಿಯೂ ಇದ್ದರು, ಕಾಗದದಲ್ಲಿ ಮಾತ್ರ ಇಲ್ಲ. ಈಗ ಮತ್ತೆ ಬದಲಾಗಿದೆ, ಫೆಬ್ರವರಿ ತಿಂಗಳಿಗೆ 300, ಒಟ್ಟು ವರ್ಷಕ್ಕೆ 2,500. ಹಳೆಯದನ್ನು ಅಳಿಸಿ ಬರೆಯುವವರು ಮತ್ತೆ ಅದೇ ತೊಂದರೆಗೆ ಸಿಗುತ್ತಾರೆ. ಯಾವ ದಿನದಿಂದ ಜಾರಿ ಎಂಬ ತಾರೀಖು ಹಾಕಿ ಹೊಸ ಸ್ಲ್ಯಾಬ್ ಸೇರಿಸಬೇಕು, ಹಳೆಯದನ್ನು ಮುಟ್ಟಬಾರದು.

ಇನ್ನೊಂದು ಕಡೆ ಪಾರ್ಟ್‌ನರ್‌ಶಿಪ್ ಇದ್ದದ್ದು ಪ್ರೈವೇಟ್ ಲಿಮಿಟೆಡ್ ಆಯಿತು. ಪ್ಯಾನ್ ಹೊಸದು, ಟ್ಯಾನ್ (ತೆರಿಗೆ ಹಿಡಿದು ಕಟ್ಟುವ ಕಂಪನಿಯ ನಂಬರ್) ಹೊಸದು. ಸಾಫ್ಟ್‌ವೇರ್‌ನಲ್ಲಿ ಹೊಸ ಕಂಪನಿ ತೆರೆಯದೆ ಹಳೆಯದರಲ್ಲೇ ಹೆಸರು, ಟ್ಯಾನ್ ಬದಲಾಯಿಸಿದರು. ಈಗ ಹಳೇ ವರ್ಷದ ಯಾವ ಫಾರ್ಮ್ ಪ್ರಿಂಟ್ ಕೊಟ್ಟರೂ, ಆಗ ಇರದೇ ಇದ್ದ ಕಂಪನಿಯ ಹೆಸರು ಮೇಲೆ ಬರುತ್ತದೆ. ಅದನ್ನು ನೋಡಿ ಬ್ಯಾಂಕಿನವರು ಲೋನ್ ಫೈಲ್ ವಾಪಸ್ ಕಳಿಸಿದರು. ಸುಮ್ನೆ ಒಬ್ಬ ನೌಕರ ಎರಡು ತಿಂಗಳು ಅಲೆದ.

ಹುಬ್ಬಳ್ಳಿ ಅಕೌಂಟ್ಸ್

ಎಫ್‌ವಿಯು ಸಿಕ್ಕಿತು. ಡಿ ಡ್ರೈವ್‌ನಲ್ಲಿ, ಯಾವುದೋ ಫೋಟೋ ಫೋಲ್ಡರ್ ಒಳಗೆ ಇತ್ತು. ಆದರೆ ತೆರೆದರೆ ಬರಿಯ ಅಕ್ಷರ, ಅಂಕಿ, ಮಧ್ಯೆ ಮಧ್ಯೆ ಟೋಪಿಯಂಥ ಗುರುತು. ಏನೂ ಅರ್ಥವಾಗುತ್ತಿಲ್ಲ. ಅನೆಕ್ಸರ್ 2 ಇದರಲ್ಲಿ ಎಲ್ಲಿದೆ?

ಮೈಸೂರು ತೆರಿಗೆ ಸಲಹೆ

ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದೀರಿ, ಸರಿ. ಸೇವ್ ಮಾತ್ರ ಕೊಡಬೇಡಿ. ಮೊದಲು ಒಂದು ಕಾಪಿ ಮಾಡಿಕೊಂಡು ಆ ಕಾಪಿಯಲ್ಲಿ ನೋಡಿ.

ಆ ಟೋಪಿ ಗುರುತು ಒಂದು ಕಾಲಂ ಮುಗಿದು ಇನ್ನೊಂದು ಶುರುವಾಯಿತು ಎನ್ನಲು. ಪ್ರತಿ ಸಾಲಿನಲ್ಲಿ ಮೊದಲು ಸಾಲಿನ ನಂಬರ್, ಆಮೇಲೆ ಎರಡು ಅಕ್ಷರ ಇರುತ್ತದೆ. ಎಫ್‌ಎಚ್ ಎಂದರೆ ಫೈಲ್ ಹೆಡರ್. ಬಿಎಚ್ ಸಾಲಿನಲ್ಲಿ ಕಂಪನಿ ಹೆಸರು, ಟ್ಯಾನ್. ಸಿಡಿ ಅಂದರೆ ಚಲನ್. ಡಿಡಿ ಅಂದರೆ ಆ ಚಲನ್‌ನಲ್ಲಿ ಯಾವ ಪ್ಯಾನ್‌ಗೆ ಎಷ್ಟು ತೆರಿಗೆ. ಎಸ್‌ಡಿ ಅಂದರೆ ಸ್ಯಾಲರಿ ಡೀಟೇಲ್. ನಿಮಗೆ ಬೇಕಾದ ಅನೆಕ್ಸರ್ 2 ಎಸ್‌ಡಿ ಸಾಲುಗಳಲ್ಲಿದೆ. ಅದರ ಕೆಳಗೆ ಎಸ್16 ಎಂಬ ಸಾಲಿನಲ್ಲಿ ವೃತ್ತಿ ತೆರಿಗೆಯಂಥ ಕಡಿತ, ಸಿ6ಎ ಸಾಲಿನಲ್ಲಿ 80ಸಿ ಮುಂತಾದವು. ಕಣ್ಣಿಗೆ ಕಷ್ಟವಾದರೆ ಎಕ್ಸೆಲ್‌ಗೆ ತಂದು ಆ ಗುರುತಿನಲ್ಲಿ ಕಾಲಂ ಒಡೆಯಿರಿ. ಅವರ ಪ್ಯಾನ್ ಹುಡುಕಿ, ಎಸ್‌ಡಿ ಮತ್ತು ಡಿಡಿ ಎರಡೂ ಸಾಲು ನೋಡಿ.

ಡಿಡಿ ಸಾಲನ್ನು ಯಾಕೆ ನೋಡಲು ಹೇಳುತ್ತಿದ್ದೇನೆ ಅಂದರೆ, ಅವರಿಗೆ ಬಂದ ಡಿಮಾಂಡ್ 3,350. ಅದು ಒಂದು ಕ್ವಾರ್ಟರ್‌ನ ತೆರಿಗೆಯ ಹಾಗೆ ಕಾಣುತ್ತಿದೆ. ಪಾರ್ಟ್ ಎ ಡೌನ್‌ಲೋಡ್ ಆಯಿತಾ?

ಹುಬ್ಬಳ್ಳಿ ಅಕೌಂಟ್ಸ್

ಟ್ರೇಸಸ್‌ನಲ್ಲಿ ರಿಕ್ವೆಸ್ಟ್ ಹಾಕಿದ್ದೇನೆ. ಟೋಕನ್ ನಂಬರ್, ಚಲನ್ ವಿವರ ಎಲ್ಲ ಕೇಳಿತು. ಸಂಜೆ ಹೇಳುತ್ತೇನೆ.

ಕಾರ್ಕಳದ ಓದುಗ

ನಾನು ಅಕೌಂಟೆಂಟ್ ಅಲ್ಲ, ನೌಕರ. ಇದನ್ನೆಲ್ಲ ಓದುತ್ತಾ ಇದ್ದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು ಮೊದಲು ಕೆಲಸ ಮಾಡಿದ ಕಂಪನಿ ಬಾಗಿಲು ಹಾಕಿದೆ. ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲ. ನನ್ನಂಥವರು ಏನು ಮಾಡಬೇಕು?

ದಾವಣಗೆರೆ ಟ್ಯಾಲಿ ಹಳಬ

ನಿಮಗೆ 26ಎಎಸ್ ಇದೆ, ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿ ಅದು. ಆದಾಯ ತೆರಿಗೆ ಪೋರ್ಟಲ್‌ಗೆ ನಿಮ್ಮ ಪ್ಯಾನ್‌ನಲ್ಲಿ ಲಾಗಿನ್ ಆಗಿ, ಅಲ್ಲಿಂದ ಟ್ರೇಸಸ್‌ಗೆ ಹೋಗುವ ದಾರಿ ಇದೆ. 2009-10ರ ಅಸೆಸ್‌ಮೆಂಟ್ ವರ್ಷದಿಂದ ಈಚಿನದು ಸಿಗುತ್ತದೆ. ಯಾವ ಕಂಪನಿ, ಯಾವ ತಿಂಗಳು, ಎಷ್ಟು ತೆರಿಗೆ ಕಟ್ಟಿದೆ, ಎಲ್ಲ ಅದರಲ್ಲಿರುತ್ತದೆ. ಪಾರ್ಟ್ ಎಯಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ. ಸಂಬಳದ ಒಡೆದ ಲೆಕ್ಕ ಮಾತ್ರ ಇರುವುದಿಲ್ಲ. ಅದಕ್ಕೆ ಆ ವರ್ಷ ನೀವು ಸಲ್ಲಿಸಿದ ರಿಟರ್ನ್ ತೆಗೆಯಿರಿ, ಅದೂ ಪೋರ್ಟಲ್‌ನಲ್ಲೇ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಇಂದೇ ಮಾಡಿ, ಮುಂದೆ ನೋಡೋಣ ಅಂತ ಬಿಡಬೇಡಿ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಒಂದು ಸಣ್ಣ ಸಂಸ್ಥೆಗೆ ಕ್ವಿಕ್‌ಬುಕ್ಸ್‌ನಲ್ಲಿ ಪೇರೋಲ್ ಮಾಡುತ್ತೇನೆ. ದೇಶ ಬೇರೆ, ತೊಂದರೆ ಅದೇ. ಹಳೇ 941 (ಕ್ವಾರ್ಟರ್ ಪೇರೋಲ್ ತೆರಿಗೆ ರಿಟರ್ನ್) ಅಥವಾ ಡಬ್ಲ್ಯು-2 (ಅಲ್ಲಿನ ಫಾರ್ಮ್ 16ರಂಥದ್ದು) ಮತ್ತೆ ಬೇಕು ಎಂದಾಗ ಎರಡು ದಾರಿ. ಸಲ್ಲಿಸಿದ ದಿನ ಉಳಿಸಿಟ್ಟ ಪಿಡಿಎಫ್ ತೆಗೆಯುವುದು ಒಂದು. ಹೊಸದಾಗಿ ಫಾರ್ಮ್ ತಯಾರಿಸುವುದು ಇನ್ನೊಂದು. ನಾವು ಎರಡನೆಯದನ್ನು ಮುಟ್ಟುವುದೇ ಇಲ್ಲ. ಮಧ್ಯದಲ್ಲಿ ಯಾರಾದರೂ ಹಳೇ ಪೇಚೆಕ್ ತಿದ್ದಿದ್ದರೆ ಸಲ್ಲಿಸಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ. ಸಲ್ಲಿಸಿದ್ದೇ ತಪ್ಪಾಗಿದ್ದರೆ 941-ಎಕ್ಸ್, ಡಬ್ಲ್ಯು-2ಸಿ ಎಂಬ ತಿದ್ದುಪಡಿ ಫಾರ್ಮ್‌ಗಳು ಬೇರೆಯೇ ಇವೆ.

ನೌಕರ ಡಬ್ಲ್ಯು-2 ಕಳೆದುಕೊಂಡು ಮತ್ತೆ ಕಾಗದದಲ್ಲಿ ಕೊಡುವಾಗ ಅದರ ಮೇಲೆ 'ಮತ್ತೆ ಕೊಟ್ಟದ್ದು' ಎಂದು ಬರೆಯಬೇಕು ಎಂದು ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ಸೂಚನೆಯಲ್ಲೇ ಇದೆ. ಪೇರೋಲ್ ತೆರಿಗೆ ದಾಖಲೆ ಕನಿಷ್ಠ 4 ವರ್ಷ ಇಡಬೇಕು. ಇಂಡಿಯಾದಲ್ಲಿ ಹಾಗೆ ಬರೆಯುವ ಪದ್ಧತಿ ಇದೆಯಾ?

ಮೈಸೂರು ತೆರಿಗೆ ಸಲಹೆ

ಇದೆ. ಆದಾಯ ತೆರಿಗೆ ನಿಯಮ 31ರಲ್ಲಿ ಹೇಳಿದ್ದಾರೆ. ನೌಕರ ಮೂಲ ಪ್ರತಿ ಕಳೆದುಕೊಂಡು ಕೇಳಿದರೆ ಕಂಪನಿ ಡೂಪ್ಲಿಕೇಟ್ ಕೊಡಬಹುದು, ಅದು ಡೂಪ್ಲಿಕೇಟ್ ಎಂದು ದೃಢೀಕರಿಸಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಹುಬ್ಬಳ್ಳಿಯವರೇ, ನೀವು ಮರೆಯಬೇಡಿ. ಇನ್ನೊಂದು, ಸಹಿ ಹಾಕುವವರು ಇಂದಿನ ತಾರೀಖನ್ನೇ ಹಾಕಲಿ. 2018ರ ಜೂನ್ 15ರ ಒಳಗಿನ ಯಾವುದೋ ತಾರೀಖು ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಂದು ಸಹಿ ಹಾಕಿದವರು ಇಂದು ಇಲ್ಲ. ಸುಳ್ಳು ತಾರೀಖಿನ ಕಾಗದದಿಂದ ಆ ಹಿರಿಯರಿಗೇ ಹೊಡೆತ.

ಹುಬ್ಬಳ್ಳಿ ಅಕೌಂಟ್ಸ್

ಪಾರ್ಟ್ ಎ ಬಂತು. ಜಿಪ್ ಫೈಲ್ ತೆರೆಯಲು ಪಾಸ್‌ವರ್ಡ್ ಗೊತ್ತಾಗದೆ ಒಂದು ಗಂಟೆ ಹೋಯಿತು. ನಮ್ಮ ಟ್ಯಾನ್ ಅನ್ನೇ ದೊಡ್ಡಕ್ಷರದಲ್ಲಿ ಹಾಕಬೇಕಂತೆ. ಟ್ರೇಸಸ್‌ನ ಪಿಡಿಎಫ್ ಕನ್ವರ್ಟರ್‌ನಲ್ಲಿ ಹಾಕಿ ತೆಗೆದೆ.

ನೀವು ಊಹಿಸಿದ್ದು ನಿಜ. ಮೊದಲ ಮೂರು ಕ್ವಾರ್ಟರ್‌ಗೆ ತಲಾ 3,340. ಕೊನೆಯ ಕ್ವಾರ್ಟರ್ ಖಾಲಿ. ಒಟ್ಟು 10,020.

ಎಫ್‌ವಿಯು ಕಾಪಿಯಲ್ಲಿ ಹುಡುಕಿದೆ. ಎಸ್‌ಡಿ ಸಾಲಿನಲ್ಲಿ ಅವರ ಪ್ಯಾನ್ ಸರಿ ಇದೆ, ತೆರಿಗೆ 13,370 ಸರಿ ಇದೆ. ಆದರೆ ಜನವರಿ, ಫೆಬ್ರವರಿ, ಮಾರ್ಚ್ ಮೂರೂ ಡಿಡಿ ಸಾಲಿನಲ್ಲಿ ಅವರ ಹೆಸರಿನ ಮುಂದೆ ಪ್ಯಾನ್‌ನ ಒಂದು ಅಂಕಿ ಬೇರೆ. 8 ಇರಬೇಕಾದಲ್ಲಿ 3. ಆ ಕ್ವಾರ್ಟರ್ ಮಾತ್ರ ಯಾರೋ ಕೈಯಲ್ಲಿ ಟೈಪ್ ಮಾಡಿದ್ದಾರೆ ಅನಿಸುತ್ತದೆ. ಅವರ ಸಂಬಳದಿಂದ ಹಿಡಿದ 3,350 ರೂಪಾಯಿ ಸರ್ಕಾರಕ್ಕೆ ಹೋಗಿದೆ, ಬೇರೆ ಯಾರದ್ದೋ ಪ್ಯಾನ್‌ಗೆ. ಏಳೆಂಟು ವರ್ಷ ಅವರು ಬಾಕಿದಾರ ಅನ್ನಿಸಿಕೊಂಡಿದ್ದಾರೆ. ನಮ್ಮ ಕಚೇರಿಯ ಒಂದು ಅಂಕಿಯಿಂದ.

24ಕ್ಯೂ ತಿದ್ದುಪಡಿ ಹಾಕಿದರೆ ಸರಿಹೋಗುತ್ತದಾ? ಇವತ್ತೇ ಕೂತು ಮಾಡುತ್ತೇನೆ.

ಮೈಸೂರು ತೆರಿಗೆ ಸಲಹೆ

ಇದನ್ನು ಹೇಳಲು ನನಗೂ ಬೇಜಾರು. ಆ ಬಾಗಿಲು ಮುಚ್ಚಿದೆ. ಮೊದಲು ತಿದ್ದುಪಡಿಗೆ ಕಾಲಮಿತಿ ಇರಲಿಲ್ಲ. 2024ರ ಎರಡನೇ ಹಣಕಾಸು ಕಾಯಿದೆಯಲ್ಲಿ ಮಿತಿ ತಂದರು. ರಿಟರ್ನ್ ಸಲ್ಲಿಸಬೇಕಾಗಿದ್ದ ಆರ್ಥಿಕ ವರ್ಷ ಮುಗಿದ ಮೇಲೆ 6 ವರ್ಷ ಮಾತ್ರ. 2025ರ ಏಪ್ರಿಲ್ 1ರಿಂದ ಜಾರಿ. 2017-18ರ ಕೊನೆ ಕ್ವಾರ್ಟರ್ ತಿದ್ದಲು 2025ರ ಮಾರ್ಚ್ 31 ಕೊನೆಯ ದಿನವಾಗಿತ್ತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ (2026ರ ಏಪ್ರಿಲ್ 1ರಿಂದ ಜಾರಿ) ಇದು ಇನ್ನೂ ಕಡಿಮೆ, ಎರಡೇ ವರ್ಷ. ಹಳೇ ಫಾರ್ಮ್‌ಗಳನ್ನು ಯಾರಾದರೂ ಕೇಳಿದಾಗ ಮಾತ್ರ ತೆಗೆದು ನೋಡುವ ಅಭ್ಯಾಸ ಇನ್ನು ನಡೆಯುವುದಿಲ್ಲ.

ಆದರೂ ಅವರ ಕೈ ಖಾಲಿ ಇಲ್ಲ. 1961ರ ಕಾಯಿದೆಯ 205ನೇ ಸೆಕ್ಷನ್ ಇದೆ. ಸಂಬಳದಿಂದ ತೆರಿಗೆ ಹಿಡಿದ ಮೇಲೆ, ಹಿಡಿದಷ್ಟು ಮೊತ್ತವನ್ನು ಮತ್ತೆ ಆ ನೌಕರನಿಂದ ಕೇಳುವಂತಿಲ್ಲ. ಹಿಡಿದದ್ದಕ್ಕೆ ಪುರಾವೆ ಬೇಕು, ಅಷ್ಟೇ. ಆ ಪುರಾವೆ ಕೊಡಬೇಕಾದವರು ನೀವು. ನಾನು ನಿಮ್ಮ ಜಾಗದಲ್ಲಿ ಇದ್ದರೆ ಅವರಿಗೆ ಏನು ಕೊಡುತ್ತಿದ್ದೆ ಎಂದು ಹೇಳುತ್ತೇನೆ. ಟ್ರೇಸಸ್‌ನ ಪಾರ್ಟ್ ಎ, ಖಾಲಿ ಕ್ವಾರ್ಟರ್ ಇದ್ದ ಹಾಗೆಯೇ. ಅದನ್ನು ತಿದ್ದಲು ಹೋಗಬೇಡಿ. ಎಸ್‌ಡಿ ಸಾಲಿನ ಅಂಕಿಗಳಿಂದ ತಯಾರಿಸಿದ ಪಾರ್ಟ್ ಬಿ, ಡೂಪ್ಲಿಕೇಟ್ ಎಂದು ಬರೆದು. ಜನವರಿಯಿಂದ ಮಾರ್ಚ್‌ವರೆಗಿನ ಸಂಬಳ ಚೀಟಿ. ಆ ಮೂರು ತಿಂಗಳ ಚಲನ್. ಆ ಡಿಡಿ ಸಾಲುಗಳ ಪ್ರಿಂಟ್. ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ಪ್ಯಾನ್ ತಪ್ಪಾಗಿ ಟೈಪ್ ಮಾಡಿದ್ದು ನಾವು, ತೆರಿಗೆ ಹಿಡಿದದ್ದು ಇವರ ಸಂಬಳದಿಂದ, ತಿದ್ದುಪಡಿ ಅವಧಿ ಮುಗಿದಿದೆ ಎಂದು ನೇರವಾಗಿ ಬರೆಯಿರಿ. ಸುತ್ತಿ ಬಳಸಿ ಬರೆಯಬೇಡಿ.

ಅವರು ಪೋರ್ಟಲ್‌ನಲ್ಲಿ ಬಾಕಿ ಡಿಮಾಂಡ್‌ಗೆ ಉತ್ತರ ಕೊಡುವ ಜಾಗದಲ್ಲಿ 'ಒಪ್ಪುವುದಿಲ್ಲ' ಎಂದು ಆರಿಸಿ ಇವನ್ನು ಲಗತ್ತಿಸಲಿ. ಇದೇ ಪ್ರತಿಗಳನ್ನು ತಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ಕೈಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಲಿ.

ಪೀಣ್ಯ ಪೇರೋಲ್

ಸಣ್ಣ ಡಿಮಾಂಡ್‌ಗಳನ್ನು ಮನ್ನಾ ಮಾಡಿದ್ದರು ಅಲ್ವಾ, 2024ರ ಬಜೆಟ್‌ನಲ್ಲಿ? ಇದಕ್ಕೆ ಅನ್ವಯಿಸುವುದಿಲ್ಲವೇ?

ಮೈಸೂರು ತೆರಿಗೆ ಸಲಹೆ

ಇಲ್ಲ. ಅದು 2009-10ರವರೆಗಿನ ವರ್ಷಗಳಿಗೆ 25,000ದವರೆಗೆ, 2010-11ರಿಂದ 2014-15ರವರೆಗೆ 10,000ದವರೆಗೆ. ಇವರದು 2017-18.

ಹುಬ್ಬಳ್ಳಿ ಅಕೌಂಟ್ಸ್

ಪತ್ರದ ವಿಷಯ ಮಾಲೀಕರ ಹತ್ತಿರ ಮಾತಾಡಿದೆ. ಮೊದಲು ಹಿಂಜರಿದರು. ತಪ್ಪು ನಮ್ಮದು ಎಂದು ಬರೆದುಕೊಟ್ಟರೆ ನಮಗೇ ನೋಟಿಸ್ ಬಂದರೆ ಏನು ಗತಿ ಎಂದರು. ಆ ಹಿರಿಯರು ಇಲ್ಲಿ 22 ವರ್ಷ ಕೆಲಸ ಮಾಡಿದವರು ಎಂದು ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟೈಪ್ ಮಾಡು ಸಹಿ ಹಾಕುತ್ತೇನೆ ಎಂದರು.

ಒಂದು ಅನುಮಾನ. ಸಂಬಳ ಚೀಟಿಯನ್ನು ಟ್ಯಾಲಿಯಿಂದಲೇ ತೆಗೆಯಬೇಕು. ಅದನ್ನು ನಂಬಬಹುದಾ? ಫಾರ್ಮ್ 16 ನೋಡಿದ ಮೇಲೆ ಭಯವಾಗುತ್ತಿದೆ.

ದಾವಣಗೆರೆ ಟ್ಯಾಲಿ ಹಳಬ

ಸಂಬಳ ಚೀಟಿಯಲ್ಲಿ ಬರುವ ಮೊತ್ತ ವೋಚರ್‌ನಿಂದ ಬರುತ್ತದೆ. ಅಂದು ಬರೆದ ಮೊತ್ತ ಇಂದೂ ಅದೇ ಇರುತ್ತದೆ, ಯಾರೂ ಆ ವೋಚರ್ ತೆರೆದು ತಿದ್ದಿಲ್ಲದಿದ್ದರೆ. ಬದಲಾಗುವುದು ಹುದ್ದೆ, ವಿಳಾಸ, ಬ್ಯಾಂಕ್ ಖಾತೆ ಇಂಥವು. ಅವು ಮಾಸ್ಟರ್‌ನಿಂದ ಬರುತ್ತವೆ. ಅವರು ಕೊನೆಗೆ ಸೂಪರ್‌ವೈಸರ್ ಆಗಿದ್ದರೆ, ಫಿಟ್ಟರ್ ಆಗಿದ್ದ ಕಾಲದ ಚೀಟಿಯಲ್ಲೂ ಸೂಪರ್‌ವೈಸರ್ ಎಂದೇ ಬರುತ್ತದೆ. ಮೊತ್ತವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ಕೈಗೆ ಬಂದ ಸಂಬಳ ಹೊಂದಿದರೆ ನಂಬಬಹುದು.

ಹಳೇ ಬ್ಯಾಕಪ್ ಇದ್ದರೆ ಇನ್ನೂ ಒಳ್ಳೆಯದು. 2018ರ ಏಪ್ರಿಲ್ ಅಥವಾ ಮೇ ತಿಂಗಳದ್ದು ಸಿಕ್ಕರೆ, ಪೇ ಹೆಡ್ ಬದಲಾಗುವ ಮೊದಲಿನ ಮಾಸ್ಟರ್ ಅದರಲ್ಲೇ ಇರಬಹುದು. ಆದರೆ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಟ್ಟು ಓದಿ. ರಿಸ್ಟೋರ್ ಮಾಡುವಾಗ ಈಗಿನ ಡೇಟಾ ಇರುವ ಫೋಲ್ಡರ್ ಕೊಡಬೇಡಿ. ಬೇರೆ ಹೊಸ ಫೋಲ್ಡರ್ ಮಾಡಿ, ಅದನ್ನೇ ಗುರಿಯಾಗಿ ಕೊಡಿ. ಎರಡಕ್ಕೂ ಕಂಪನಿ ನಂಬರ್ ಒಂದೇ ಇರುತ್ತದೆ, ಅದೇ 10000 ಅಂಥದ್ದು. ಅದೇ ಜಾಗಕ್ಕೆ ರಿಸ್ಟೋರ್ ಮಾಡಿದರೆ ಇಷ್ಟು ವರ್ಷದ ಡೇಟಾ ಮೇಲೆ 2018ರದು ಕೂತುಬಿಡುತ್ತದೆ. ನನ್ನ ಕಣ್ಣೆದುರೇ ಒಬ್ಬರು ಹೀಗೆ ಮೂರು ವರ್ಷದ ಲೆಕ್ಕ ಕಳೆದುಕೊಂಡರು. ಆಮೇಲೆ ಹಗಲು ರಾತ್ರಿ ಕೂತು ಬಿಲ್ ನೋಡಿ ಮತ್ತೆ ಬರೆದರು.

ಪೀಣ್ಯ ಪೇರೋಲ್

ನಾನು ಈಗ ಏನು ಮಾಡುತ್ತೇನೆ ಎಂದು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. 24ಕ್ಯೂ ಸಲ್ಲಿಸಿದ ದಿನವೇ ಒಂದು ಫೋಲ್ಡರ್. ಅದರಲ್ಲಿ ಎಫ್‌ವಿಯು, 27ಎ (ರಿಟರ್ನ್ ಜೊತೆ ಸಹಿ ಹಾಕಿ ಕೊಡುವ ಸಾರಾಂಶ), ಟೋಕನ್ ನಂಬರ್ ಇರುವ ರಸೀದಿ, ಚಲನ್‌ಗಳು, ಜೂನ್ ಬಂದಾಗ ಎಲ್ಲರ ಫಾರ್ಮ್ 16 ಪಿಡಿಎಫ್. ಆ ದಿನದ ಟ್ಯಾಲಿ ಬ್ಯಾಕಪ್ ಕೂಡ ಅದರೊಳಗೇ. ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಇದ್ದರೆ ಅದನ್ನು ಮಾಲೀಕರ ಕಪಾಟಿನಲ್ಲಿ ಕಾಗದದ ಮೇಲೆ. ಆ ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಕಂಪನಿ ಕಾಯಿದೆಯ ಪ್ರಕಾರ ಲೆಕ್ಕದ ಪುಸ್ತಕ 8 ವರ್ಷ ಇಡಬೇಕು. ನಾನು ಸಂಬಳದ ಫೋಲ್ಡರ್ ಮಾತ್ರ ಅಳಿಸುವುದೇ ಇಲ್ಲ. ಎಲ್ಲ ಸೇರಿ ಒಂದು ಪೆನ್‌ಡ್ರೈವ್ ತುಂಬುವುದಿಲ್ಲ.

ಯಾರಾದರೂ ಹಳೇ ಫಾರ್ಮ್ ಕೇಳಿದರೆ ನಾನು ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಆ ಫೋಲ್ಡರ್ ತೆರೆಯುತ್ತೇನೆ.

ಹುಬ್ಬಳ್ಳಿ ಅಕೌಂಟ್ಸ್

ಎಲ್ಲ ಕಾಗದ ತಯಾರಾದವು. ಶನಿವಾರ ಅವರ ಮನೆಗೇ ತೆಗೆದುಕೊಂಡು ಹೋದೆ. ಅವರ ಮಗಳ ಲ್ಯಾಪ್‌ಟಾಪ್‌ನಲ್ಲಿ ಕೂತು ಪೋರ್ಟಲ್‌ನಲ್ಲಿ ಉತ್ತರ ಹಾಕಿದೆವು. ಸೋಮವಾರ ಅವರು ತೆರಿಗೆ ಕಚೇರಿಗೂ ಹೋಗಿ ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದಿದ್ದಾರೆ. ಇನ್ನು ಅಲ್ಲಿಂದ ಏನು ಬರುತ್ತದೋ ಕಾಯಬೇಕು.

ಅವರ ಹತ್ತಿರ ಹಳೇ ಸಂಬಳ ಚೀಟಿಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ ಇದ್ದವು, ಹೊಸ ಮನೆಗೂ ತಂದಿದ್ದಾರೆ. 2018ರ ಮಾರ್ಚ್‌ನದು ತೆಗೆದು ನನ್ನ ಪ್ರಿಂಟ್ ಪಕ್ಕ ಇಟ್ಟು ನೋಡಿದೆವು. ತೆರಿಗೆ 1,120, ಎರಡರಲ್ಲೂ ಅದೇ. ಆ ಮೂಲ ಚೀಟಿಯ ಜೆರಾಕ್ಸ್ ಕೂಡ ಲಗತ್ತಿಸಿದೆವು.

ರಾತ್ರಿ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆ ಕ್ವಾರ್ಟರ್ ಪೂರ್ತಿ ಕೈಯಲ್ಲಿ ಟೈಪ್ ಮಾಡಿದ್ದರೆ ಉಳಿದವರದ್ದು? ಇವತ್ತು ಬೆಳಿಗ್ಗೆ 11 ಜನರ 33 ಡಿಡಿ ಸಾಲುಗಳನ್ನೂ ಒಂದೊಂದಾಗಿ ಪ್ಯಾನ್ ಕಾರ್ಡ್ ಪ್ರತಿಯ ಜೊತೆ ಹಿಡಿದು ನೋಡಿದೆ. ಇನ್ನೊಬ್ಬರದ್ದು ತಪ್ಪಾಗಿದೆ. ಎರಡು ಅಕ್ಷರ ಅದಲುಬದಲು. ಅವರು 2020ರಲ್ಲಿ ಕೆಲಸ ಬಿಟ್ಟು ಬೆಳಗಾವಿ ಕಡೆ ಹೋದರಂತೆ. ಫೈಲಿನಲ್ಲಿ ಇರುವ ಫೋನ್ ನಂಬರ್ ಈಗ ಇಲ್ಲ. ಅವರ ಜೊತೆ ಕೆಲಸ ಮಾಡಿದವರು ನಮ್ಮಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಮಧ್ಯಾಹ್ನ ಶಿಫ್ಟ್ ಬಿಟ್ಟಾಗ ಅವರನ್ನು ಕೇಳುತ್ತೇನೆ.